ಯಾರ ಕಡೆಯೂ ಅಲ್ಲದವರ ಜಗಲಿ

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದೆಲ್ಲ ಸಿಟ್ಟೇ.

ಎರಡು ವರ್ಷದ ಹಿಂದಿನ ಮಾತು. ಐರ್ಲೆಂಡಿನ ಗಾಲ್ವೇಯಲ್ಲಿರುವ ಮಗಳ ಮನೆಗೆ ಮೊದಲ ಸಲ ಬಂದಿದ್ದವಳು ವೀಸಾ ಮುಗಿದು ಊರಿಗೆ ಹೊರಟಿದ್ದೆ. ಶಾನನ್ ವಿಮಾನ ನಿಲ್ದಾಣದ ಒಳಗೆ ಒಬ್ಬಳೇ ಕೂತು ಲಂಡನ್ನಿನ ವಿಮಾನಕ್ಕೆ ಕಾಯುತ್ತಿದ್ದಾಗ ಆ ಜಾಗದ ತುಂಬ ಸಿಪಾಯಿಗಳು ಬಂದರು. ಮಣ್ಣಿನ ಬಣ್ಣದ ಮಚ್ಚೆ ಮಚ್ಚೆ ಬಟ್ಟೆ, ದಪ್ಪ ಬೂಟು. ಮುಖ ನೋಡಿದರೆ ಮೀಸೆ ಸರಿಯಾಗಿ ಚಿಗುರದ ಹುಡುಗರು. ನನ್ನ ಚೀಲ ಕುರ್ಚಿಯಿಂದ ಜಾರಿ ಬಿತ್ತು. ಒಬ್ಬ ಬಗ್ಗಿ ಎತ್ತಿಕೊಟ್ಟ. ಎತ್ತಿಕೊಟ್ಟವನನ್ನು ಬರಿಗೈಯಲ್ಲಿ ಕಳಿಸುವುದು ನನಗೆ ಗೊತ್ತಿಲ್ಲ. ದಾರಿಗೆಂದು ಕರಿದು ತಂದಿದ್ದ ಕೋಡುಬಳೆ ಡಬ್ಬಿ ತೆಗೆದು ಮುಂದೆ ಹಿಡಿದೆ. ಅವನು ಒಂದನ್ನು ಕಡಿದ, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ನಕ್ಕ. ಅವನ ತಲೆ ಮುಟ್ಟಿ, ನಿಮ್ಮ ದೇಶ ಕಾಯಪ್ಪ, ನೂರು ವರ್ಷ ಬಾಳು ಅಂದೆ. ಈ ದೇಶದ ಸಿಪಾಯಿ ಅಂದುಕೊಂಡಿದ್ದೆ. ಈ ದೇಶದ ವಿಮಾನ ನಿಲ್ದಾಣದಲ್ಲಿ ಬೇರೆ ದೇಶದ ಸಿಪಾಯಿಗೇನು ಕೆಲಸ?

ಊರು ಮುಟ್ಟಿ ಅಳಿಯನಿಗೆ ಫೋನಿನಲ್ಲಿ ಇದನ್ನೇ ದೊಡ್ಡದು ಮಾಡಿ ಹೇಳಿದೆ. ಅವನು ನಕ್ಕು ನಕ್ಕು ಸುಸ್ತಾದ.

"ಅತ್ತೆ, ಅವರು ಇಲ್ಲಿಯವರಲ್ಲ. ಅಮೆರಿಕದ ಮಿಲಿಟ್ರಿ. ಯುದ್ಧದ ಕಡೆ ಹೋಗುವಾಗ ಬರುವಾಗ ಇಲ್ಲಿ ಇಳಿದು ಫ್ಯೂಯಲ್ ತುಂಬಿಸ್ಕೊಂಡು ಹೋಗ್ತಾರೆ."

"ಹಂಗಾದ್ರೆ ಆ ದೇಶ ಅಮೆರಿಕದ ಕಡೆನಾ?"

"ಇಲ್ಲ ಅತ್ತೆ. ಈ ದೇಶ ಯಾರ ಕಡೆನೂ ಇಲ್ಲ. ಅದೇ ಇವರ ಹೆಮ್ಮೆ."

ಅವನಿಗೆ ಅದು ತಮಾಷೆ. ನನಗೆ ಅವತ್ತು ಊಟ ಸೇರಲಿಲ್ಲ. ಯಾವ ಊರಿನ ಯಾವ ತಾಯಿಯ ಮಕ್ಕಳ ಮೇಲೆ ಹೋಗುತ್ತಿದ್ದನೋ, ಅವನ ತಲೆ ಮುಟ್ಟಿ ಹರಸಿ ಕಳಿಸಿದ್ದೆ. ಹರಕೆಯನ್ನು ವಾಪಸು ತೆಗೆದುಕೊಳ್ಳುವ ಶಾಸ್ತ್ರ ನಮ್ಮಲ್ಲಿಲ್ಲ. ಆ ಹುಡುಗ ಬದುಕಲಿ. ನನ್ನ ಸಿಟ್ಟು ಅವನನ್ನು ಅಲ್ಲಿ ಕೂರಿಸಿದವರ ಮೇಲೆ.

ಅಳಿಯ ಅಂದೆನಲ್ಲ, ಅವನು ನನ್ನ ತಮ್ಮನ ಮಗನೇ. ಹುಟ್ಟಿದಾಗ ಅವನಿಗೆ ಎರೆದವಳು ನಾನು. ಅದಕ್ಕೇ ಅವನನ್ನು ಏಕವಚನದಲ್ಲಿ ಕರೆಯುತ್ತೇನೆ, ಬೈಯುತ್ತೇನೆ. ಅವನದು ವಿಮಾನ ರಿಪೇರಿ ಕೆಲಸ. ಶಾನನ್ ಹತ್ತಿರದ ಒಂದು ದೊಡ್ಡ ಶೆಡ್ಡಿನಲ್ಲಿ. ಗಾಲ್ವೇಯಿಂದ ಕಾರಿನಲ್ಲಿ ಹೋಗಿ ಬರುತ್ತಾನೆ. ಅಲ್ಲೇ ಹತ್ತಿರ ಮನೆ ಮಾಡಬಹುದಿತ್ತು, ಆದರೆ ಮಗಳ ಕೆಲಸ ಇಲ್ಲಿ ಗಾಲ್ವೇಯ ಪಾರ್ಕ್‌ಮೋರಿನಲ್ಲಿ, ಹೃದಯಕ್ಕೆ ತೂರಿಸುವ ಸಣ್ಣ ಕೊಳವೆಗಳನ್ನು ಮಾಡುವ ಕಂಪನಿಯಲ್ಲಿ. ಅವನ ವರ್ಕ್ ಪರ್ಮಿಟ್ಟು ಆ ಶೆಡ್ಡಿಗೆ ಕಟ್ಟಿದ್ದು. ಅವಳ ಕೆಲಸ ಅವನ ಪರ್ಮಿಟ್ಟಿನ ಬಾಲಕ್ಕೆ ಕಟ್ಟಿದ್ದು. ಅವನ ಕೆಲಸ ಹೋದರೆ ಎಲ್ಲರೂ ಪೆಟ್ಟಿಗೆ ಕಟ್ಟಬೇಕು. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಅಂತ ಯಾರೂ ನನ್ನ ಪರ ವಾದಿಸುವುದು ಬೇಡ.

ಈ ಸಲ ಬಂದದ್ದು ಮಗಳ ಎರಡನೇ ಬಾಣಂತನಕ್ಕೆ. ಗಂಡು ಮಗು. ಸ್ನಾನದ ಮನೆಯಲ್ಲಿ ಕಾಲು ನೀಡಿ ಕೂರಲು ಜಾಗವಿಲ್ಲ. ನನ್ನ ಒಂದು ಪಾದ ಬಾಗಿಲಾಚೆ ಇರುತ್ತದೆ. ಹಾಗೇ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದೆ. ಮೊದಲ ದಿನ ಸಾಂಬ್ರಾಣಿ ಹೊಗೆ ಹಾಕಿದ್ದಕ್ಕೆ ಮನೆಯ ಸೂರಿನಲ್ಲಿರುವ ಅಲಾರಂ ಬಡಿದುಕೊಂಡಿತು. ಪಕ್ಕದ ಮನೆಯ ಮುದುಕಿ ಬೆಂಕಿ ಬಿತ್ತೆಂದು ಓಡಿಬಂದಳು. ಬಂದವಳು ಹೊಗೆಯ ವಾಸನೆ ಎಳೆದು, ನಮ್ಮ ಚರ್ಚಿನಲ್ಲೂ ಹಿಂಗೇ ಹಾಕ್ತಾರೆ ಎಂದು ಪೊರಕೆ ಹಿಡಿ ತೆಗೆದುಕೊಂಡು ಅಲಾರಂ ಕುಟ್ಟಿ ಬಾಯಿ ಮುಚ್ಚಿಸಿದಳು. ಅಲ್ಲಿಂದ ನಮ್ಮಿಬ್ಬರಿಗೂ ಆಗಿಬಂತು. ನನ್ನ ಇಂಗ್ಲಿಷು ಅರ್ಧ, ಅವಳದು ಬಾಯೊಳಗೇ ಉಳಿಯುವ ಇಂಗ್ಲಿಷು. ಅದು ಸಾಲದಾದಾಗ ಶಾಲೆಯಿಂದ ಬಂದ ದೊಡ್ಡ ಮೊಮ್ಮಗಳನ್ನು ನಡುವೆ ಕೂರಿಸಿಕೊಳ್ಳುತ್ತಿದ್ದೆವು.

ಆ ಮುದುಕಿಯ ಗಂಡ ಈ ದೇಶದ ಸಿಪಾಯಿಯಾಗಿದ್ದನಂತೆ. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಲೆಬನಾನಿಗೆ ಹೋಗಿದ್ದನಂತೆ, ಬಡಿದಾಡುವ ಎರಡು ಕಡೆಯವರ ಮಧ್ಯೆ ನಿಲ್ಲಲು. ಈಗಿಲ್ಲ. ಅವಳು ತಿಂಗಳಿಗೊಂದು ಭಾನುವಾರ ಬಸ್ಸು ಹಿಡಿದು ಶಾನನ್ನಿಗೆ ಹೋಗಿ, ಈ ಸಿಪಾಯಿ ವಿಮಾನಗಳು ಬೇಡವೆಂದು ವಿಮಾನ ನಿಲ್ದಾಣದ ಹೊರಗೆ ಒಂದು ಬೋರ್ಡು ಹಿಡಿದು ನಿಲ್ಲುತ್ತಾಳೆ. ಅವಳಂಥವರು ಇನ್ನಷ್ಟು ಜನ ಬರುತ್ತಾರೆ. ನನ್ನ ಗಂಡ ನಡುವೆ ನಿಂತು ಬಂದ, ಈ ಸರ್ಕಾರದವರು ನಡುವೆ ಮಲಗಿದ್ದಾರೆ ಎಂದಳು. ಮೊಮ್ಮಗಳು ಅದನ್ನು ಕನ್ನಡ ಮಾಡಿ ಹೇಳಲು ಒದ್ದಾಡಿತು. ನನಗೆ ಮೊದಲೇ ಅರ್ಥವಾಗಿತ್ತು.

ಮುದುಕಿ ಮತ್ತೆ ಮತ್ತೆ ಅನ್ನುವ ನ್ಯೂಟ್ರಲ್ ಅಂದರೆ ಏನೆಂದು ಮೊಮ್ಮಗಳನ್ನು ಕೇಳಿದೆ. ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಂತೆ. "ನಾವು ಫೈಟ್ ಮಾಡಲ್ಲ ಅಜ್ಜಿ. ಯಾರ ಟೀಮಲ್ಲೂ ಇಲ್ಲ." ಹಾಗಾದರೆ ಒಂದು ಟೀಮಿನವರು ನಮ್ಮ ಅಂಗಳದಲ್ಲಿ ಯಾಕೆ ನೀರು ಕುಡಿಯುತ್ತಾರೆ ಎಂದೆ. ಅದು ಭುಜ ಹಾರಿಸಿ, "ಇಟ್ಸ್ ಗ್ರ್ಯಾಂಡ್ ಅಜ್ಜಿ" ಎಂದಿತು. ಈ ದೇಶದಲ್ಲಿ ಎಲ್ಲದಕ್ಕೂ ಅದೊಂದು ಮಾತು. ಮಳೆ ಬಂದರೂ ಗ್ರ್ಯಾಂಡು, ಹಲ್ಲು ಕಿತ್ತರೂ ಗ್ರ್ಯಾಂಡು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಈ ಯಾರ ಕಡೆಯೂ ಅಲ್ಲದವರು ನನಗೆ ಹೊಸಬರಲ್ಲ. ನಾನು ಮದುವೆಯಾಗಿ ಮದ್ದೂರಿನ ಕಡೆಯ ಹಳ್ಳಿಗೆ ಹೋದಾಗ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಒಂದು ಬಂಡಿ ದಾರಿಯ ಮೇಲೆ ಜಗಳವಿತ್ತು. ಎರಡು ಕೇರಿಯ ಮಧ್ಯೆ ಪಟೇಲರ ಮನೆ, ಅದಕ್ಕೊಂದು ಉದ್ದನೆಯ ಜಗಲಿ. ನಮ್ಮದು ಅದರ ಎದುರು ಮನೆ. ಪಟೇಲರು ಯಾರು ಸಿಕ್ಕರೂ, ನಾನು ಯಾರ ಕಡೆಯೂ ಇಲ್ಲ ಕಣ್ರಪ್ಪ ಅನ್ನುತ್ತಿದ್ದರು. ಆದರೆ ಮೇಲಿನ ಕೇರಿಯ ಗಂಡಸರು ಕೂರುತ್ತಿದ್ದದ್ದು ಅವರ ಜಗಲಿಯ ಮೇಲೆ. ಕುಡಿಯುತ್ತಿದ್ದದ್ದು ಅವರ ಮನೆಯ ಮಜ್ಜಿಗೆ. ದೊಣ್ಣೆಗಳನ್ನು ಇಡುತ್ತಿದ್ದದ್ದು ಅವರ ಕೊಟ್ಟಿಗೆಯಲ್ಲಿ. ಒಂದು ದಿನ ಕೆಳಗಿನ ಕೇರಿಯ ಒಬ್ಬನ ತಲೆ ಒಡೆಯಿತು. ಮಂಡ್ಯದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋದ. ಪಂಚಾಯ್ತಿಯಲ್ಲಿ ಪಟೇಲರು, ನಾನು ಯಾರಿಗೂ ಹೊಡೆದಿಲ್ಲ, ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಟ್ಟೆ ಅಷ್ಟೆ ಎಂದರು. ಸತ್ತವನ ತಾಯಿ ಎದ್ದಳು. ಹೊಡೆದವರ ಮನೆಗೆ ಹೋಗಲಿಲ್ಲ. ನೇರ ಬಂದು ಹಿಡಿ ಮಣ್ಣು ತೆಗೆದು ಪಟೇಲರ ಜಗಲಿಯ ಮೇಲೆ ತೂರಿದಳು. ಊರಲ್ಲಿ ಯಾರೂ ಅವಳಿಗೆ ಅದು ತಪ್ಪೆನ್ನಲಿಲ್ಲ. ಆಮೇಲೆ ಆ ಜಗಲಿಯಲ್ಲಿ ಯಾರೂ ಕೂರಲಿಲ್ಲ, ನಾಯಿ ಬಿಟ್ಟರೆ.

ಸರಿ, ಮಗುವಿನ ತೊಟ್ಟಿಲ ಶಾಸ್ತ್ರದ ದಿನ ಬಂತು. ಸಣ್ಣ ಮನೆ, ಕನ್ನಡದವರು ನಾಲ್ಕಾರು ಸಂಸಾರ ಬಂದಿದ್ದರು. ಬೆಂಗಳೂರಿನ ಕಂಪ್ಯೂಟರಿನವರು, ಮಂಗಳೂರಿನ ಕ್ರಿಶ್ಚಿಯನ್ ನರ್ಸು ಮತ್ತು ಅವಳ ಗಂಡ. ಪಕ್ಕದ ಮನೆಯ ಮುದುಕಿಯೂ ತಲೆ ಬಾಚಿಕೊಂಡು ಬಂದು ಕೂತಿದ್ದಳು. ತಟ್ಟೆಯಲ್ಲಿ ಅಕ್ಕಿ ಹರಡಿ ಇಟ್ಟಿದ್ದೆ. ಅದರ ಮೇಲೆ ಅಪ್ಪ ಉಂಗುರದಿಂದ ಮಗುವಿನ ಹೆಸರು ಬರೆಯಬೇಕು. ಅಷ್ಟರಲ್ಲಿ ಅವನಿಗೆ ಫೋನು. ಶೆಡ್ಡಿನಿಂದ. ಒಂದು ಚಾರ್ಟರ್ ವಿಮಾನ ಇಳಿದಿದೆ, ಚಕ್ರದ ಹತ್ತಿರ ಎಣ್ಣೆ ಸೋರುತ್ತಿದೆ, ಕೈ ಕಮ್ಮಿ ಇದೆ, ಬಾ ಎಂದು. ರಜೆ ಹಾಕಿದ್ದವನು ಪಂಚೆ ಬಿಚ್ಚಿ ಪ್ಯಾಂಟು ಹಾಕಿಕೊಂಡ.

"ಚಾರ್ಟರ್ ಅಂದ್ರೆ ಯಾರದು?" ಎಂದೆ.

"ಬಾಡಿಗೆ ವಿಮಾನ ಅತ್ತೆ. ಪ್ಯಾಸೆಂಜರ್ಸು."

"ಯಾವ ಪ್ಯಾಸೆಂಜರ್ಸು? ಮಚ್ಚೆ ಬಟ್ಟೆಯವರಾ?"

ಅವನು ಕಾರಿನ ಕೀಲಿ ಹುಡುಕುತ್ತಾ, ನಾನು ಚಕ್ರ ನೋಡ್ತೀನಿ, ಸೀಟಲ್ಲಿ ಯಾರು ಕೂತಿದ್ದಾರೆ ಅಂತ ನೋಡಲ್ಲ ಎಂದ. ಹೋದ.

ನೆಂಟರಿಗೆ ಹಸಿವು. ರಾಹುಕಾಲ ಬಂತು, ಹೋಯಿತು. ಹೋಳಿಗೆ ಬಡಿಸಿದೆ. ಬೆಂಗಳೂರಿನವನೊಬ್ಬ ತುಪ್ಪ ಹಾಕಿಸಿಕೊಳ್ಳುತ್ತಾ, "ಬಿಡಿ ಆಂಟಿ, ನಾವು ಬಂದಿರೋದು ದುಡಿಯೋಕೆ, ನಮಗ್ಯಾಕೆ ಇವರ ಪಾಲಿಟಿಕ್ಸು" ಎಂದ. ನಿನಗೆ ಹೋಳಿಗೆ ಸಾಕೋ ಇನ್ನೊಂದು ಬೇಕೋ, ಅದೊಂದು ಹೇಳಪ್ಪ ಎಂದೆ. ಅವನ ಹೆಂಡತಿ ನಕ್ಕಳು. ಅವನು ನಗಲಿಲ್ಲ. ನೆಂಟರೆಲ್ಲ ಹೋದ ಮೇಲೆ ಅಳಿಯ ಬಂದ. ಕೈ ತೊಳೆದರೂ ಬೆರಳಲ್ಲಿ ಗ್ರೀಸಿನ ವಾಸನೆ. ಆ ಕೈಯಲ್ಲೇ ಅಕ್ಕಿಯ ಮೇಲೆ ಮಗನ ಹೆಸರು ಬರೆದ. ವಿಮಾನ ಹೋಯಿತಾ ಎಂದು ಕೇಳಿದೆ. ಹೋಯಿತು ಎಂದ. ಆ ವಿಮಾನ ಯಾವ ಊರಿಗೆ ಹೋಯಿತು, ಅಲ್ಲಿ ಅವತ್ತು ಯಾರ ಮಗುವಿಗೆ ತೊಟ್ಟಿಲ ಶಾಸ್ತ್ರವಿತ್ತು, ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದಕ್ಕೇ ಅವನಿಗೆ ಸಂಬಳ ಎಂದು ಮುಖದ ಮೇಲೇ ಅಂದೆ.

ಮುದುಕಿ ಶಾನನ್ನಿಗೆ ಹೋಗುವ ಮುಂದಿನ ಭಾನುವಾರ ಮಗುವಿಗೆ ನೀರು ಹಾಕಿ, ಬಾಣಂತಿಗೆ ಮೆಣಸಿನ ಸಾರು ಮಾಡಿಟ್ಟು, ಪಕ್ಕದ ಮನೆಯವಳ ಜೊತೆ ಬಸ್ಸು ಹತ್ತಿದೆ. ಮಗಳಿಗೆ ಚರ್ಚ್ ನೋಡಿ ಬರುತ್ತೇನೆ ಎನ್ನಲಿಲ್ಲ. ಎಲ್ಲಿಗೆ ಎಂದು ನೇರವಾಗಿ ಹೇಳಿಯೇ ಹೋದೆ. ಅವಳು ನಾನು ಹೋಗುವುದಿಲ್ಲ ಅಂದುಕೊಂಡಳು.

ಶಾನನ್ನಿನಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಒಂದು ರಸ್ತೆ, ಒಂದು ವೃತ್ತ, ವಿಮಾನ ನಿಲ್ದಾಣದ ಗೇಟು, ಕಿತ್ತುಕೊಂಡು ಹೋಗುವ ಗಾಳಿ. ಅಲ್ಲಿ ನಿಂತವರೆಲ್ಲ ನನ್ನ ವಯಸ್ಸಿನವರೇ. ಪೊಲೀಸಿನವರ ಒಂದು ಕಾರು ಪಕ್ಕದಲ್ಲಿ. ಮುದುಕಿ ತನ್ನ ಬೋರ್ಡಿನ ಮಾತನ್ನು ನನಗೆ ಬಿಡಿಸಿ ಹೇಳಿದ ಮೇಲೆಯೇ ನಾನು ಅದಕ್ಕೆ ಕೈ ಹಾಕಿದ್ದು: ನಮ್ಮ ನೆಲದಿಂದ ಯುದ್ಧಕ್ಕೆ ಹೋಗಬೇಡಿ ಅಂತ. ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ನಿಂತವರಿಗೆಲ್ಲ ಹಂಚಿ, ಕಾರಿನಲ್ಲಿ ಕೂತ ಪೊಲೀಸಿನವರ ಕಿಟಕಿ ತಟ್ಟಿ ಅವರಿಗೂ ಕೊಟ್ಟೆ. ಹಸಿದವರ ಮುಂದೆ ನಾವಷ್ಟೇ ತಿನ್ನಬಾರದು, ಅದು ಬೇರೆ ಮಾತು. ನಮ್ಮಲ್ಲೊಬ್ಬ ಗಡ್ಡದವನಿಗೆ ಇದು ಸರಿ ಕಾಣಲಿಲ್ಲ. ನನಗೆ ಅವನ ಮುಖ ಸರಿ ಕಾಣಲಿಲ್ಲ.

ಆಗ ಶೆಡ್ಡಿನ ವ್ಯಾನು ಬಂತು. ಅವತ್ತು ಅಳಿಯನಿಗೆ ಭಾನುವಾರದ ಪಾಳಿ ಎಂದು ನನಗೆ ಗೊತ್ತಿತ್ತು. ಅದೇ ದಾರಿಯಲ್ಲಿ ಬರುತ್ತಾನೆಂದು ಗೊತ್ತಿರಲಿಲ್ಲ. ವ್ಯಾನು ನಡೆಸುತ್ತಿದ್ದವನು ಇಲ್ಲಿಯವನು. ಪಕ್ಕದಲ್ಲಿ ನಮ್ಮವನು. ಸೀರೆಯ ಮೇಲೆ ಅವನದೇ ಹಳೆಯ ಜಾಕೆಟ್ಟು ಹಾಕಿಕೊಂಡು, ಎದೆಗೆ ಬೋರ್ಡು ಒತ್ತಿಕೊಂಡು ನಿಂತ ನನ್ನನ್ನು ನೋಡಿದ. ಕಿಟಕಿಯ ಗಾಜು ಅರ್ಧ ಇಳಿಯಿತು. ಮತ್ತೆ ಏರಿತು. ವ್ಯಾನು ಹೋಯಿತು. ನಡೆಸುತ್ತಿದ್ದವನು ಕೈಬೀಸಿದ.

ಮನೆಗೆ ಬಂದ ಅಳಿಯ ಬೂಟು ಬಿಚ್ಚಿ ನೇರ ಕೋಣೆಗೆ ಹೋದ. ಮಗಳು ಮಾತಾಡಿದಳು. ಮೊಲೆಯುಣಿಸುತ್ತಾ ಕೂತವಳ ದನಿ ಏರಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

"ನಿನಗೆ ವಾಪಸ್ ಹೋಗೋಕೆ ಊರು ಐತೆ ಅಮ್ಮ. ನಾವು ಅಲ್ಲಿನ ಮನೆ ಖಾಲಿ ಮಾಡಿ ಬಂದಿದೀವಿ. ಇಲ್ಲಿಗೆ ಬಂದು ಐದು ವರ್ಷ ತುಂಬೋಕೆ ಇನ್ನೊಂದೇ ವರ್ಷ. ಆಮೇಲೆ ಪರ್ಮಿಟ್ಟೇ ಬೇಡ, ಯಾವ ಶೆಡ್ಡಿನ ಹಂಗೂ ಇರಲ್ಲ. ಅಲ್ಲೀವರೆಗೆ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿನಗೆ?"

"ಅಲ್ಲೀವರೆಗೆ ಎಷ್ಟು ವಿಮಾನ ಹೋಗ್ತವೆ?" ಎಂದೆ.

"ಇವರು ಚಕ್ರ ಮುಟ್ಟದಿದ್ರೆ ಇನ್ನೊಬ್ಬ ಮುಟ್ತಾನೆ."

"ಆ ಇನ್ನೊಬ್ಬ ನನ್ನ ಅಳಿಯ ಅಲ್ಲ. ಅವನ ಅತ್ತೆ ಅವನನ್ನ ಕೇಳಿಕೊಳ್ಳಲಿ."

ಅವಳು ಮಗುವನ್ನು ಇನ್ನೊಂದು ಕಡೆಗೆ ಬದಲಿಸಿ, ಗೇಟೋ ನನ್ನ ಮನೆಯೋ ಒಂದು ಆರಿಸಿಕೋ ಎಂದಳು. ಹೆತ್ತ ಮಗಳು, ಹಸಿಬಾಣಂತಿ, ಅಂಥ ಮಾತು ಆಡುವಷ್ಟು ಹೆದರಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ. ಎರಡು ಸಂಬಳ ತರುವ, ಬಾಡಿಗೆಗೇ ಒಂದು ಸಂಬಳ ಸುರಿಯುವ, ಒಬ್ಬರ ತಂಟೆಗೆ ಹೋಗದ ಸಂಸಾರ ಒಂದು ಮುದುಕಿ ರಸ್ತೆಬದಿಯಲ್ಲಿ ನಿಂತದ್ದಕ್ಕೆ ನಡುಗುವ ಹಾಗೆ ಯಾರು ಮಾಡಿದರು? ಸಿಪಾಯಿ ಬೇರೆ ದೇಶದವನು. ಅವನು ಕೈಬೀಸಿಕೊಂಡು ಬರುತ್ತಾನೆ, ಹೋಗುತ್ತಾನೆ. ಇವರಿಗೆ ಮಾತ್ರ ಪರ್ಮಿಟ್ಟು.

ನಾನು ಮನೆಯನ್ನೇ ಆರಿಸಿಕೊಂಡೆ. ಬಾಣಂತನ ಅರ್ಧಕ್ಕೆ ಬಿಟ್ಟು ಹೋಗುವ ಹೆಂಗಸು ನಾನಲ್ಲ. ಆದರೆ ಬಾಯಿ ಮುಚ್ಚಿಕೊಳ್ಳುತ್ತೇನೆ ಎನ್ನಲಿಲ್ಲ. ಅಳಿಯ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ಕೂತೆ. ಅವನು ತಟ್ಟೆ ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ. ಒಂದು ದಿನ ಅನ್ನ ಕಲೆಸುತ್ತಾ ತಾನಾಗಿಯೇ ಹೇಳಿದ: ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಾಗಿದೆ, ಮ್ಯಾನೇಜರು ನಗುತ್ತಾ ನಿಮ್ಮ ಅತ್ತೆ ಅನ್ನ ಚೆನ್ನಾಗಿ ಮಾಡ್ತಾರಂತೆ ಅಂದರು. ನಗುತ್ತಾ ಅಂದದ್ದಕ್ಕೇ ಭಯ ಅತ್ತೆ ಎಂದ.

ಅದಾಗಿ ಒಂದು ಶನಿವಾರ ಬೆಳಿಗ್ಗೆ ಮಗುವಿಗೆ ನೀರು ಹಾಕಿ ಒರೆಸುತ್ತಿದ್ದಾಗ ಅವನಿಗೆ ಮತ್ತೆ ಫೋನು ಬಂತು. ಅಡುಗೆ ಮನೆಯಲ್ಲಿ ನಿಂತು ಮಾತಾಡಿದ. ಮಗುವಿಗೆ ಜ್ವರ, ಬರಲು ಆಗುವುದಿಲ್ಲ ಎಂದದ್ದು ನನಗೆ ಕೇಳಿತು. ಫೀವರ್ ಎಂಬ ಮಾತು ನನಗೆ ಗೊತ್ತು. ಆಸ್ಪತ್ರೆಯ ಇಂಗ್ಲಿಷು ಯಾವ ಅಜ್ಜಿಗೂ ಬರುತ್ತದೆ. ಮಗು ನನ್ನ ತೊಡೆಯ ಮೇಲೆ ಕೈಕಾಲು ಆಡಿಸಿಕೊಂಡು ಬದನೆಕಾಯಿಯ ಹಾಗೆ ಹೊಳೆಯುತ್ತಿತ್ತು. ಅವನು ಒಳಗೆ ಬಂದ, ದೊಡ್ಡ ಕೆಲಸ ಮಾಡಿದವನ ಮುಖದಲ್ಲಿ. ಚಾರ್ಟರ್ ಬಂದಿದೆ, ಹೋಗಲ್ಲ ಅಂದೆ, ಈಗ ಸಮಾಧಾನವಾ ಎಂದ.

ನನಗೆ ಬಂದ ಸಿಟ್ಟು ಅಷ್ಟು ದಿನ ಬಂದಿರಲಿಲ್ಲ. ಚೆನ್ನಾಗಿರುವ ಕೂಸಿಗೆ ಕಾಯಿಲೆ ಅನ್ನಬಾರದು. ನಮ್ಮಲ್ಲಿ ಎಂಥ ಕಡುಪಾಪಿಯೂ ಅನ್ನುವುದಿಲ್ಲ. ಸಾಲಗಾರನನ್ನು ಓಡಿಸಲೂ ಅನ್ನುವುದಿಲ್ಲ. ಅಂದ ಮಾತು ಹುಡುಕಿಕೊಂಡು ಬರುತ್ತದೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು ಎದ್ದೆ.

"ಹುಟ್ಟಿ ಇನ್ನೂ ಕತ್ತು ನಿಂತಿಲ್ಲ, ಅದರ ಹಿಂದೆ ಬಚ್ಚಿಟ್ಕೊಂಡೆಯೇನೋ? ಜ್ವರ ನಿನಗೆ ಅನ್ನು. ನನಗೆ ಅನ್ನು, ನಾಳೆ ಸತ್ತೆ ಅನ್ನು. ಅದಕ್ಕೆ ಯಾಕೆ ಅಂದೆ?"

"ಬೇರೆ ಏನು ಹೇಳ್ಲಿ ಅತ್ತೆ? ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ."

"ಕೇಳಲಿ."

"ನಿಮಗೆ ಗೊತ್ತಾಗಲ್ಲ."

"ನನಗೆ ಗೊತ್ತಾಗದೇ ಇರೋದು ಏನೈತೋ ಇದರಲ್ಲಿ? ಹೂಂ ಅಂದ್ರೆ ಹೂಂ ಅನ್ನು. ಬೇಡ ಅಂದ್ರೆ ಬೇಡ ಅನ್ನು. ಎರಡೂ ಅನ್ನದೆ ಕೂಸಿಗೆ ಜ್ವರ ಬರಿಸ್ತಾನಂತೆ. ಈ ದೇಶದವರ ಹತ್ರ ಇದೊಂದು ಚೆನ್ನಾಗಿ ಕಲಿತಿದೀಯ."

ಮಗಳು ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಗಂಡನ ಕಡೆಯೇ ನೋಡುತ್ತಿದ್ದಳು. ಮಗುವಿನ ಹಣೆಯ ಮೇಲೆ ಕೈ ಇಟ್ಟುಕೊಂಡಿದ್ದಳು, ಜ್ವರ ನಿಜವಾಗಿ ಬಂದುಬಿಟ್ಟಿದೆಯೇನೋ ಎಂಬ ಹಾಗೆ. "ಯಾಕ್ರೀ ಹಂಗಂದ್ರಿ" ಎಂದಳು. ಅಷ್ಟೇ ಅಂದದ್ದು.

ಅವನು ಹಿತ್ತಲ ಬಾಗಿಲು ತೆಗೆದು ಮಳೆಯಲ್ಲಿ ಹೋಗಿ ನಿಂತ. ನಾವಿಬ್ಬರೂ ಕಿಟಕಿಯಲ್ಲಿ ನೋಡುತ್ತಿದ್ದೆವು. ಬಟ್ಟೆ ಒಣಗಿಸುವ ತಂತಿಯ ಕೆಳಗೆ ನಿಂತು ಫೋನು ಕಿವಿಗೆ ಹಿಡಿದ. ಏನಂದ ಎಂದು ಆಮೇಲೆ ಹೇಳಿದ. ಮಗು ಚೆನ್ನಾಗಿದೆ, ಜ್ವರ ಅಂದದ್ದು ಸುಳ್ಳು. ಯಾವ ವಿಮಾನ ಬೇಕಾದರೂ ನೋಡುತ್ತೇನೆ, ಸಿಪಾಯಿಗಳ ಚಾರ್ಟರ್ ನೋಡುವುದಿಲ್ಲ, ನನ್ನನ್ನು ಕರೆಯಬೇಡಿ. ಆ ಕಡೆಯವರು "ಗ್ರ್ಯಾಂಡ್" ಎಂದು ಫೋನು ಇಟ್ಟರಂತೆ. ಆ ಗ್ರ್ಯಾಂಡಿನ ಅರ್ಥ ಸರಿ ಎಂದೋ, ನಿನಗೆ ಮಾಡುತ್ತೇನೆ ಎಂದೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಯಾವ ಪವಾಡವೂ ಆಗಲಿಲ್ಲ. ಆ ವಿಮಾನವನ್ನು ಇನ್ನೊಬ್ಬ ಸರಿಮಾಡಿದ, ಅದು ಸಂಜೆಗೆ ಹಾರಿಹೋಯಿತು. ಅಳಿಯನನ್ನು ಶನಿವಾರ ಭಾನುವಾರದ ಕೆಲಸಕ್ಕೆ ಕರೆಯುವುದು ನಿಂತಿದೆ. ಕೆಲಸ ಹೋಗಿಲ್ಲ. ಹೋಗುವುದಿಲ್ಲ ಎಂದು ಯಾರೂ ಹೇಳಿಲ್ಲ. ಪರ್ಮಿಟ್ಟು ಮತ್ತೆ ಬರೆಸುವ ಹೊತ್ತಿಗೆ ಏನೆನ್ನುತ್ತಾರೋ ಎಂದು ಮಗಳು ರಾತ್ರಿ ಮಗ್ಗುಲು ಬದಲಿಸುತ್ತಾಳೆ. ನಾನು ಗೇಟಿಗೆ ಮತ್ತೆ ಹೋಗಿಲ್ಲ. ಅವಳಿಗೆ ಕೊಟ್ಟ ಮಾತು. ಪಕ್ಕದ ಮನೆಯವಳ ಕೈಯಲ್ಲಿ ಪುಳಿಯೋಗರೆ ಕಳಿಸುತ್ತೇನೆ.

ಅಳಿಯ ಈಗ ಊಟಕ್ಕೆ ಕೂತರೆ ತಲೆ ಎತ್ತಿಯೇ ಉಣ್ಣುತ್ತಾನೆ. ಹಾಗೆಂದು ನನ್ನ ಸಿಟ್ಟು ಇಳಿದಿಲ್ಲ, ಇಳಿಯುವಂಥದ್ದು ಏನೂ ಆಗಿಲ್ಲ. ಒಂದು ಇಡೀ ದೇಶ, ಸ್ವಂತ ನೆಲ, ಸ್ವಂತ ಪೊಲೀಸು, ಸ್ವಂತ ಪಾಸ್‌ಪೋರ್ಟು ಎಲ್ಲ ಇಟ್ಟುಕೊಂಡು ಬೇಡ ಎನ್ನಲಾರದೆ ಕೂತಿದೆ. ಇವನು ಬಾಡಿಗೆ ಮನೆಯ ಹಿತ್ತಲಲ್ಲಿ, ಮಳೆಯಲ್ಲಿ ನೆನೆಯುತ್ತಾ ಬೇಡ ಅಂದ. ಒಳಗೆ ಬಂದಾಗ ಹಲ್ಲು ಕಟಕಟ ಅನ್ನುತ್ತಿತ್ತು. ತಲೆ ಒರೆಸಿಕೊಳ್ಳಲು ಟವೆಲ್ಲು ಎಸೆದೆ.